ಊರಾಚೆಯ ಊರು ಕಟ್ಟಿದ ಐನೂರ್ವರು

ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರುಸ್ ಎಂಬ ಹಳೆಯ ರೇವಿದೆ. ಒಂದು ಕಾಲಕ್ಕೆ ಜಗತ್ತೆಲ್ಲ ಅಲ್ಲಿನ ಕರ್ಪೂರಕ್ಕಾಗಿ ಕಾಯುತ್ತಿತ್ತು. ಆ ರೇವಿನ ಮಗ್ಗುಲಲ್ಲೇ ಇರುವ ಲೋಬು ತುವಾದಲ್ಲಿ 1873ರಲ್ಲಿ ಒಂದು ಶಾಸನದ ಕಲ್ಲು ಸಿಕ್ಕಿತು. ಭಾಷೆ ತಮಿಳು, ಕಾಲ ಶಕ 1010, ಅಂದರೆ ಕ್ರಿ.ಶ. 1088. ತಜ್ಞರು ಓದಿದಂತೆ ಅದರಲ್ಲಿರುವುದು ಒಂದು ಕಟ್ಟಳೆ. ರೇವಿಗೆ ಬಂದ ಹಡಗಿನ ನಾಯಕ ಮತ್ತು ಅದರ ಜನ ಕಸ್ತೂರಿಯ ಬೆಲೆಯ ಲೆಕ್ಕದಲ್ಲಿ ಇಷ್ಟು ಚಿನ್ನ ಸಲ್ಲಿಸಬೇಕು, ಸಲ್ಲಿಸಿದ ಮೇಲೆಯೇ ಹಾಸಿದ ಬಟ್ಟೆಯ ಮೇಲೆ ಕಾಲಿಡಬೇಕು. ಹಾಗೆಂದು ನಿರ್ಣಯಿಸಿದವರು ದಿಕ್ಕು ಸಾವಿರಗಳ ಐನೂರ್ವರು ಎಂಬ ವರ್ತಕರ ಕೂಟದವರು.

ಹಾಸಿದ ಆ ಬಟ್ಟೆ ನನ್ನ ಕಣ್ಣಿಗೆ ಕಟ್ಟಿದಂತಿದೆ. ಉಪ್ಪುಗಾಳಿ, ಕರ್ಪೂರದ ಘಾಟು, ತಿಂಗಳುಗಟ್ಟಲೆ ನೀರಿನ ಮೇಲಿದ್ದು ನೆಲ ಕಂಡವರ ತೂರಾಡುವ ಕಾಲು. ಅವರೆದುರಿಗೆ ಕೋಟೆಯಿಲ್ಲ, ಬಾಗಿಲಿಲ್ಲ. ಒಂದು ಬಟ್ಟೆ, ಒಂದು ಕಟ್ಟಳೆ ಅಷ್ಟೇ. ಆದರೂ ಎಲ್ಲಿ ಹೊರಗು ಮುಗಿದು ಒಳಗು ಶುರುವಾಗುತ್ತದೆ ಎಂಬುದು ಬಂದವನಿಗೆ ತಿಳಿಯುತ್ತಿತ್ತು.

ಆ ಐನೂರ್ವರ ಹೆಸರಿನ ತವರು ನಮ್ಮ ಹುನಗುಂದ ಸೀಮೆಯ ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲು ದಾಟಿ ಮಲಪ್ರಭೆಯ ಗುಂಟ ನಡೆದರೆ ಸಿಗುವ ಊರು. ಶಾಸನಗಳಲ್ಲಿ ಅದು ಅಯ್ಯಾವೊಳೆ, ಆರ್ಯಪುರ. ನೂರಕ್ಕೂ ಮಿಕ್ಕಿ ಗುಡಿಗಳಿವೆ ಎಂದು ಪ್ರವಾಸಿಗರು ಎಣಿಸುತ್ತಾರೆ, ಗುಡಿ ಕಟ್ಟುವ ಕಲೆಯ ತೊಟ್ಟಿಲು ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಎರಡೂ ಸರಿಯೇ. ಆದರೆ ಈ ಊರು ಲೋಕಕ್ಕೆ ಕೊಟ್ಟ ಇನ್ನೊಂದು ವಸ್ತುವಿನ ಬಗ್ಗೆ ನಾವು ಮಾತಾಡುವುದು ಕಡಿಮೆ. ಒಬ್ಬರ ಮುಖ ಒಬ್ಬರು ಕಾಣದ, ಒಬ್ಬರ ಮಾತು ಒಬ್ಬರಿಗೆ ತಿಳಿಯದ ಜನ ಒಂದು ಕೂಟವಾಗಿ ಬಾಳುವುದು ಹೇಗೆ ಎಂಬುದನ್ನು ಅದು ಕಟ್ಟಿ ತೋರಿಸಿತು. ಇಂದು ಅಂತರಜಾಲದಲ್ಲಿ ಜನ ಸೇರುವ ಜಾಗಗಳನ್ನು ರೂಪಿಸುವವರು ತಲೆ ಕೆಡಿಸಿಕೊಂಡಿರುವ ಪ್ರಶ್ನೆಯೂ ಇದೇ.

ಮೊದಲು ಕಲ್ಲಿನಿಂದಲೇ ಹೊರಡೋಣ. ಐಹೊಳೆಯ ನಡುವೆ ಲಾಡಖಾನ ಗುಡಿ ಎಂಬ ಕಟ್ಟಡವಿದೆ. ಅಲ್ಲಿ ಒಂದು ಕಾಲಕ್ಕೆ ವಾಸವಾಗಿದ್ದವನ ಹೆಸರೇ ಅದಕ್ಕೆ ನಿಂತಿದೆ. ಹಿಂದಿನ ವಿದ್ವಾಂಸರು ಇದನ್ನು 5ನೇ ಶತಮಾನದ್ದೆಂದು ಎಣಿಸಿದ್ದರು. ಈಗಿನವರಲ್ಲಿ ಹೆಚ್ಚಿನವರು 7ನೆಯದರ ಕೊನೆ ಅಥವಾ 8ನೆಯದರ ಆರಂಭ ಎನ್ನುತ್ತಾರೆ. ಒಳಹೊಕ್ಕರೆ ಗುಡಿಗಿಂತ ಚಾವಡಿಯ ನೆನಪೇ ಹೆಚ್ಚಾಗುತ್ತದೆ. ಚೌಕಾಕಾರದ ಸಭಾಂಗಣ, ಹೊರಸುತ್ತಿನಲ್ಲಿ 12 ಕಂಬ, ಒಳಸುತ್ತಿನಲ್ಲಿ 4. ನಡುವೆ ನಂದಿ. ದೇವರ ಕೋಣೆ ಹಿಂದಿನ ಗೋಡೆಗೆ ಒತ್ತಿಕೊಂಡಿದೆ, ಆಮೇಲೆ ನೆನಪಾಗಿ ಸೇರಿಸಿದ ಹಾಗೆ. ಮಾಡಿನ ಕಲ್ಲುಚಪ್ಪಡಿಗಳ ಸಂದಿಯ ಮೇಲೆ ಮರದ ತೊಲೆಯಂತೆ ಕಡೆದ ಉದ್ದನೆಯ ಕಲ್ಲುಪಟ್ಟಿಗಳು. ಮರದ ಮನೆ ಕಟ್ಟಿ ಕೈ ಪಳಗಿದವರು ಅದನ್ನೇ ಕಲ್ಲಿಗೆ ಇಳಿಸಿದ್ದಾರೆ. ಇದು ಮೂಲದಲ್ಲಿ ಸಭಾಮಂಟಪವೇ ಆಗಿತ್ತೆಂದು ಊಹಿಸಿದ ವಿದ್ವಾಂಸರುಂಟು.

ನನ್ನ ಮನಸ್ಸು ನಿಲ್ಲುವುದು ಮುಖಮಂಟಪದ ಕಕ್ಷಾಸನದಲ್ಲಿ. ಕೂಡಲು ಕಲ್ಲಿನ ಜಗಲಿ, ಬೆನ್ನಿಗೆ ಕಲ್ಲಿನ ಒರಗು, ಒರಗಿನ ಹೊರಮೈಯಲ್ಲಿ ಪೂರ್ಣಘಟದ ಕೆತ್ತನೆ. ಕೂತವನು ಒಳಗೂ ಇದ್ದಾನೆ, ಹೊರಗೂ ಇದ್ದಾನೆ. ಮಾತಿಗೆ ಸೇರಬಹುದು, ಸುಮ್ಮನೆ ಕೇಳುತ್ತ ಇರಬಹುದು, ಬೇಸರವಾದರೆ ಯಾರನ್ನೂ ದಾಟದೆ ಎದ್ದು ಹೋಗಬಹುದು. ಇದನ್ನು ಕಟ್ಟಿದವನಿಗೆ ಕಲ್ಲಿನ ಗುಣ ಗೊತ್ತಿದ್ದಂತೆ ಜನ ಕೂಡುವ ಬಗೆಯೂ ಗೊತ್ತಿತ್ತು. ಈ ಗುಡಿಯ 8ನೇ ಶತಮಾನದ ಕನ್ನಡ ಶಾಸನದಲ್ಲಿಯೇ ಐಹೊಳೆಯ ಐನೂರು ಮಂದಿ ಮಹಾಜನರ, ಚತುರ್ವೇದಿಗಳ ಉಲ್ಲೇಖವಿದೆ. ಆಗ ಅದು ಒಂದು ಊರಿನ ವಿದ್ವಜ್ಜನರ ಸಭೆ. ದಾನ ಬಂದರೆ ಪಡೆಯುವವರು, ಅದನ್ನು ಕಾಯುವವರು. ವ್ಯಾಪಾರಿಗಳ ಮಹಾಕೂಟವಾಗಿ ಆ ಹೆಸರು ಮೆರೆದದ್ದು ಆಮೇಲಿನ ಮಾತು.

ಕೂಡುವ ಜಾಗಕ್ಕೆ ಕಲ್ಲಿನಷ್ಟೇ ಕಟ್ಟಳೆಯೂ ಬೇಕೆಂಬುದು ಬಾದಾಮಿಯ ಅರಸರ ಕಾಲದಲ್ಲಿ ಚೆನ್ನಾಗಿ ತಿಳಿದಿತ್ತು. ಇಮ್ಮಡಿ ವಿಕ್ರಮಾದಿತ್ಯನ ಹೆಸರು ಕೇಳಿದರೆ ನಮಗೆ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೆನಪಾಗುತ್ತದೆ, ಕಂಚಿಯ ಗೆಲುವು ನೆನಪಾಗುತ್ತದೆ. ಅವನು ಇನ್ನೂ ಯುವರಾಜನಾಗಿದ್ದಾಗ, ತಂದೆ ವಿಜಯಾದಿತ್ಯ ಆಳುತ್ತಿದ್ದಾಗ, ಸುಮಾರು 725ರ ಹೊತ್ತಿಗೆ ಪೊರಿಗೆರೆಯ ಜನರೊಂದಿಗೆ ಒಂದು ಒಪ್ಪಂದ ಮಾಡಿಕೊಂಡ. ಪೊರಿಗೆರೆ ಎಂದರೆ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಒಪ್ಪಂದದ ಇನ್ನೊಂದು ಕಡೆ ನಿಂತವರು ಊರಿನ ಮಹಾಜನರು, ನಗರ ಅಂದರೆ ವರ್ತಕರ ಸಭೆ, ಮತ್ತು ಹದಿನೆಂಟು ಪ್ರಕೃತಿಗಳು, ಅಂದರೆ ಊರಿನ ಬೇರೆ ಬೇರೆ ವರ್ಗದ ಜನ. ಕಲ್ಲಿನ ಮೇಲೆ ಅದನ್ನು ಆಚಾರವ್ಯವಸ್ಥೆ ಎಂದೇ ಕರೆದಿದ್ದಾರೆ.

ಅದರ ಮೊದಲ ಭಾಗ ಅರಸನ ಕಡೆಯವರಿಗೆ ಹಾಕಿದ ಕಟ್ಟು. ಯಾರೂ ಇಲ್ಲದೆ ಬಿಟ್ಟ ಮನೆ, ಅರಸ ಕೊಟ್ಟ ದತ್ತಿ, ಸಜ್ಜನರ ಸಾಕ್ಷಿ, ಊರಿನ ಮರ್ಯಾದೆ, ತಾಮ್ರಶಾಸನ, ಅನುಭವಿಸಿಕೊಂಡು ಬಂದ ಸ್ವತ್ತು, ಇವನ್ನೆಲ್ಲ ರಾಜಪುರುಷರು ಕಾಯಬೇಕು. ಆಮೇಲೆ ಊರಿನವರ ಹೊಣೆ ಬರುತ್ತದೆ. ಮನೆಮನೆಯೂ ತನ್ನ ಶಕ್ತಿಗೆ ತಕ್ಕಂತೆ ತೆರಬೇಕು. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ. ಕಳವು ಮತ್ತು ಸಣ್ಣಪುಟ್ಟ ತಪ್ಪುಗಳ ದಂಡ, ಮಕ್ಕಳಿಲ್ಲದೆ ಸತ್ತವರ ಸ್ವತ್ತು ಶ್ರೇಣಿಗೆ, ಅಂದರೆ ಊರಿನ ಕಸುಬುದಾರರ ಕೂಟಕ್ಕೆ, ಸೇರಬೇಕು. ದಂಡದ ಹಣ ಊರಿನ ಕೂಟಕ್ಕೇ ಉಳಿಯುತ್ತಿತ್ತು ಎಂಬುದನ್ನು ಗಮನಿಸಬೇಕು. ತಪ್ಪಿನಿಂದ ಕೆಟ್ಟದ್ದು ಊರಿನ ನೆಮ್ಮದಿಯಾದರೆ ಪರಿಹಾರವೂ ಊರಿಗೇ ಬರಬೇಕಲ್ಲ.

ಎಲ್.ಡಿ. ಬಾರ್ನೆಟ್ ಇಪ್ಪತ್ತನೇ ಶತಮಾನದ ಆದಿಭಾಗದಲ್ಲಿ ಪ್ರಕಟಿಸಿದ ಈ ಶಾಸನವನ್ನು ಓದುವಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ. ಯುವರಾಜನೊಬ್ಬ ತನ್ನ ಅಧಿಕಾರಿಗಳ ಮಿತಿಯನ್ನು, ಓದಬಲ್ಲ ಯಾರು ಬೇಕಾದರೂ ಓದುವಂತೆ ಕಲ್ಲಿನಲ್ಲಿ ಕೊರೆಸಿದ್ದಾನೆ. ಅಧಿಕಾರಿ ಕಟ್ಟಳೆ ಮುರಿದರೆ ಊರಿನವರು ಕಲ್ಲಿನ ಕಡೆ ಬೆರಳು ತೋರಿಸಬಹುದಿತ್ತು.

ಬಾದಾಮಿಯಲ್ಲೇ ತಟ್ಟುಕೋಟೆಯ ಬಳಿ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವಿದೆ. ಕಾಲ ಸುಮಾರು 700. ಕನ್ನಡದ ಮೊದಲ ತ್ರಿಪದಿಗಳೆಂದು ಶಾಲೆಯಲ್ಲಿ ಓದಿದ್ದೇವೆ. ಅಲ್ಲಿ ದೇವರಿಗೆ ದತ್ತಿಯಿಲ್ಲ, ಅರಸನ ಹೊಗಳಿಕೆಯಿಲ್ಲ. ಒಳ್ಳೆಯವರೊಡನೆ ತಾನು ಹೇಗೆ, ಸಿಹಿಯಾಗಿ ನಡೆಯುವವರೊಡನೆ ಹೇಗೆ, ಪೀಡಿಸಲು ಬಂದವರೊಡನೆ ಹೇಗೆ ಎಂದು ಒಬ್ಬ ಮನುಷ್ಯ ಹತ್ತು ಜನ ಓಡಾಡುವಲ್ಲಿ ಬರೆಸಿದ್ದಾನೆ. ಲಕ್ಷ್ಮೇಶ್ವರದ ಕಲ್ಲು ಊರಿನ ನಡತೆಯನ್ನು ಹೇಳಿದರೆ ಇದು ಒಬ್ಬನ ನಡತೆಯನ್ನು ಹೇಳುತ್ತದೆ. ಎರಡೂ ಒಂದೇ ತಲೆಮಾರಿನ ಆಚೆಈಚೆಯವು. ನಡತೆಯನ್ನು ಬಹಿರಂಗವಾಗಿ ಬರೆದಿಡುವುದು ಆ ಕಾಲದ ಈ ನೆಲದ ಅಭ್ಯಾಸವಾಗಿತ್ತು ಎಂದೇ ನಾನು ತಿಳಿದಿದ್ದೇನೆ.

753ರ ಸುಮಾರಿಗೆ ಬಾದಾಮಿಯ ಅರಸೊತ್ತಿಗೆ ರಾಷ್ಟ್ರಕೂಟರ ಕೈಸೇರಿತು. ರಾಜಧಾನಿಯ ಮೆರುಗು ಹೋಯಿತು. ಐಹೊಳೆಯ ಹೆಸರು ಮಾತ್ರ ನಡೆಯಲು ಕಲಿತಿತ್ತು. ಮುಂದಿನ ಶತಮಾನಗಳಲ್ಲಿ ಕರ್ನಾಟಕದ ಉದ್ದಗಲಕ್ಕೆ, ಆಂಧ್ರಕ್ಕೆ, ತಮಿಳುನಾಡಿಗೆ, ಸಿಂಹಳಕ್ಕೆ ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕರ ಕೂಟ ಹಬ್ಬಿತು. ಐನೂರು ಎಂಬುದು ಆಗ ಎಣಿಕೆಯಾಗಿ ಉಳಿಯದೆ ಬಿರುದಾಯಿತು. ಅವರು ಐನೂರ್ವರು ಸ್ವಾಮಿಗಳು, ಪಂಚಶತ ವೀರಶಾಸನದವರು, ವೀರಬಣಂಜುಧರ್ಮವನ್ನು, ಅಂದರೆ ವೀರ ವರ್ತಕರ ಧರ್ಮವನ್ನು, ಪಾಲಿಸುವವರು. ಅಯ್ಯಾವೊಳೆಯ ಭಗವತಿ ಅವರ ದೇವತೆ, ಗುಡ್ಡಧ್ವಜ ಅವರ ಬಾವುಟ. 18 ಪಟ್ಟಣ, 32 ವೇಳಾಪುರ, 64 ಘಟಿಕಾಸ್ಥಾನಗಳು ತಮ್ಮವೆಂದು ಅವರ ಪ್ರಶಸ್ತಿ ಹೇಳಿಕೊಳ್ಳುತ್ತದೆ.

ಶಿಕಾರಿಪುರ ಸೀಮೆಯ ಶಾಸನವೊಂದರಲ್ಲಿ ಈ ಪ್ರಶಸ್ತಿ ಹೊಳೆಯಂತೆ ಹರಿಯುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಕೋಸಲ, ಸೌರಾಷ್ಟ್ರ ಎಂದು ದೇಶಗಳ ಸಾಲು. ಆನೆ, ಕುದುರೆ, ನೀಲ, ಮುತ್ತು, ಮಾಣಿಕ್ಯ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿ, ಕುಂಕುಮಕೇಸರಿ ಎಂದು ಸರಕಿನ ಸಾಲು. ಸಗಟಾಗಿ ಮಾರುವವರೂ ಇವರೇ, ಹೆಗಲ ಮೇಲೆ ಹೊತ್ತು ತಿರುಗಿ ಮಾರುವವರೂ ಇವರೇ. ಅಲೆಯುವುದಕ್ಕೆಂದೇ ಹುಟ್ಟಿದವರು, ಭೂಮಿಯೇ ಅವರಿಗೆ ಚೀಲ ಎಂಬ ಮಾತಿದೆ. ಕತ್ತೆ, ಕೋಣಗಳ ಮೇಲೆ ಹೇರು ಹೊರಿಸಿ ಹೋಗುವ ಬಡ ಗಾತ್ರಿಗನನ್ನೂ ಆನೆ ಮಾರುವ ದೊಡ್ಡ ಸೆಟ್ಟಿಯನ್ನೂ ಒಂದೇ ಪ್ರಶಸ್ತಿಯೊಳಗೆ ಸೇರಿಸಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ.

ಈ ಕೂಟಕ್ಕೆ ಶಾಸನಗಳು ಬಳಸುವ ಮಾತು ‘ಸಮಯ’. ಈಗ ನಾವು ಗಡಿಯಾರ ನೋಡಿ ಹೇಳುವ ಸಮಯವೇ. ಆಗ ಅದಕ್ಕೆ ಒಪ್ಪಂದ, ಒಡಂಬಡಿಕೆ, ಒಡಂಬಟ್ಟವರ ಕೂಟ ಎಂಬ ಅರ್ಥವೂ ಇತ್ತು. ಒಪ್ಪಂದಕ್ಕೂ ಒಪ್ಪಿದವರ ಗುಂಪಿಗೂ ಒಂದೇ ಹೆಸರು! ಒಬ್ಬ ಒಡೆಯ ಎಲ್ಲೋ ಕೂತು ಎಲ್ಲ ಊರುಗಳ ವ್ಯಾಪಾರ ನಡೆಸಿದ ಚಿತ್ರ ಈ ಶಾಸನಗಳಲ್ಲಿ ಸಿಗುವುದಿಲ್ಲ. ಸಿಗುವುದು ಆಯಾ ಊರಿನ ಪಟ್ಟಣಸ್ವಾಮಿ, ಸೆಟ್ಟಿಗಳು, ಗವರೆಗಳು, ಮುಮ್ಮುರಿದಂಡದವರು, ಸ್ವದೇಶಿ ಪರದೇಶಿ ನಾನಾದೇಶಿಗಳು. ಅವರು ಒಂದೆಡೆ ನೆರೆಯುತ್ತಾರೆ, ಐನೂರ್ವರ ಹೆಸರಿನಲ್ಲಿ ನಿರ್ಣಯಿಸುತ್ತಾರೆ, ಕಲ್ಲು ನಿಲ್ಲಿಸುತ್ತಾರೆ. ಹೆಸರು ಎಲ್ಲರದು, ಕಟ್ಟಳೆ ಎಲ್ಲರದು, ಸಭೆ ಮಾತ್ರ ಅಲ್ಲಲ್ಲಿಯದು.

ಬಹಳಷ್ಟು ನಿರ್ಣಯಗಳು ಸರಳ. ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಮೆಣಸಿಗೆ ಇಷ್ಟು ಎಂದು ತಮ್ಮ ಮೇಲೆ ತಾವೇ ಹಾಕಿಕೊಂಡ ಸಣ್ಣ ಆಯ. ಅದರಿಂದ ಗುಡಿಯ ದೀಪ, ಕೆರೆಯ ದುರಸ್ತಿ, ಛತ್ರದ ಊಟ. ದೊಡ್ಡ ದಾನಿಯೊಬ್ಬನ ಮುಖ ನೋಡದೆ ಜಾಗ ಉಳಿಯುವಂತೆ ಮಾಡಿದ ಏರ್ಪಾಡು ಅದು. ಕೊನೆಯಲ್ಲಿ ಶಾಪವಾಕ್ಯ: ಇದನ್ನು ಅಳಿದವನು ವಾರಣಾಸಿಯಲ್ಲಿ ಹಸುವನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ತಮಿಳುನಾಡು, ಸಿಂಹಳದ ಅವರ ಕಲ್ಲುಗಳಲ್ಲಿ ಅಕ್ಷರದ ಜೊತೆಗೆ ತಕ್ಕಡಿ, ಕತ್ತಿಯಂಥ ಗುರುತುಗಳನ್ನೂ ಕೊರೆದಿದ್ದಾರೆ. ಓದಲು ಬಾರದವನೂ ದೂರದಿಂದ ನೋಡಿ, ಇಲ್ಲಿ ನಮ್ಮವರಿದ್ದಾರೆ ಎಂದು ತಿಳಿಯಬಹುದಿತ್ತು.

ಯಾರು ಈ ‘ನಮ್ಮವರು’? ಗದಗದ ಹತ್ತಿರದ ಡಂಬಳದಲ್ಲಿ ಇದಕ್ಕೊಂದು ಉತ್ತರವಿದೆ. ಆಗ ಅದು ಧರ್ಮವೊಳಲು. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, 1095ರ ಸುಮಾರಿಗೆ, ಅಲ್ಲಿನ ಹದಿನಾರು ಮಂದಿ ವೀರಬಣಂಜು ಸೆಟ್ಟಿಗಳು ಕಟ್ಟಿಸಿದ್ದ ಬೌದ್ಧ ವಿಹಾರಕ್ಕೆ, ತಾರಾದೇವಿಯ ಗುಡಿಗೆ ದತ್ತಿ ನಡೆಯಿತು. ಲೊಕ್ಕಿಗುಂಡಿಯ ಸೆಟ್ಟಿಯೊಬ್ಬ ಕಟ್ಟಿಸಿದ ಇನ್ನೊಂದು ವಿಹಾರವನ್ನೂ ಅದೇ ಶಾಸನ ಹೇಳುತ್ತದೆ. ಇದೇ ಬಣಂಜುಧರ್ಮದವರು ಬೇರೆಡೆ ಶಿವಾಲಯಕ್ಕೆ ಕೊಟ್ಟಿದ್ದಾರೆ, ಬಸದಿಗೆ ಕೊಟ್ಟಿದ್ದಾರೆ. ಬರ್ಮಾದ ಪಗಾನಿನಲ್ಲಿ 13ನೇ ಶತಮಾನದ ಹೊತ್ತಿಗೆ ನಾನಾದೇಶಿಗಳ ಹೆಸರಿನ ವಿಷ್ಣುಗುಡಿಯೇ ಇತ್ತು, ಅದಕ್ಕೆ ಮಂಟಪ ಕಟ್ಟಿಸಿ ದೀಪ ಕೊಟ್ಟವನು ಕೇರಳದವನು. ಸಮಯಕ್ಕೆ ಸೇರಿದವನು ತನ್ನ ದೇವರನ್ನು ಹೊರಗೆ ಬಿಟ್ಟು ಬರಬೇಕಾಗಿರಲಿಲ್ಲ.

ಹಾಗೆಂದು ಇದನ್ನು ಬರಿ ಬೆಳಕಿನ ಚಿತ್ರವಾಗಿ ಬರೆದರೆ ಅನ್ಯಾಯವಾಗುತ್ತದೆ. ವೀರಬಣಂಜು ಎಂಬಲ್ಲಿನ ವೀರ ಅಲಂಕಾರಕ್ಕೆ ಬಂದ ಪದವಲ್ಲ. ದಾರಿಯಲ್ಲಿ ಕಳ್ಳರಿದ್ದರು, ಸರಕಿನ ಜೊತೆ ಆಯುಧದ ಪಡೆ ನಡೆಯುತ್ತಿತ್ತು. ಆಯುಧ ಹಿಡಿದವನ ಕೈ ಯಾವಾಗಲೂ ಕಳ್ಳನ ಕಡೆಗೇ ಏಳುತ್ತದೆಂಬ ಭರವಸೆಯಿಲ್ಲ. ಚೆನ್ನೈ ಸೀಮೆಯ ಕಾಟ್ಟೂರಿನ ಶಾಸನವೊಂದು ಇದನ್ನು ಮುಚ್ಚಿಡದೆ ಹೇಳುತ್ತದೆ. ಐನೂರ್ವರ ಕೂಟ ಅಲ್ಲಿ ನೆರೆದು ಆ ಊರನ್ನು ವೀರಪಟ್ಟಣವೆಂದು, ಅಂದರೆ ವರ್ತಕರ ಕಾವಲಿನ ಪಟ್ಟಣವೆಂದು, ಘೋಷಿಸಿತು. ಜೊತೆಗೆ ಒಂದು ಕಟ್ಟಳೆ: ಕತ್ತಿ ಹಿರಿದು ಬೆದರಿಸಿ ಸುಂಕ ಕೇಳುವ, ಜನರನ್ನು ಹಿಡಿದಿಡುವ, ಅವರ ಅನ್ನ ಕಿತ್ತುಕೊಳ್ಳುವ ವರ್ತಕರು ಈ ಊರಿನಲ್ಲಿ ವಾಸಿಸಕೂಡದು. ಚಿತ್ತೂರು ಸೀಮೆಯ ಬಸಿನಿಕೊಂಡದಲ್ಲೂ ನಾಲ್ಕು ದಿಕ್ಕಿನಿಂದ ಬಂದವರು ಸೇರಿ ಇಂಥದೇ ಪಟ್ಟಣವನ್ನು ಘೋಷಿಸಿದರು.

ಕಟ್ಟಳೆ ತೋರಿಸುತ್ತಿರುವ ಬೆರಳು ತಮ್ಮವರ ಕಡೆಗೇ ಇದೆ. ಹೊರಗಿನ ದರೋಡೆಕೋರನನ್ನು ಬೈಯುವುದು ಸುಲಭ. ನಮ್ಮ ಹೆಸರನ್ನೇ ಹೊತ್ತು ದರೋಡೆ ಮಾಡುವವನನ್ನು ಹೆಸರಿಟ್ಟು ಹೊರಹಾಕುವುದು ಕಷ್ಟ. ಆ ಕಷ್ಟದ ಕೆಲಸವನ್ನು ಅವರು ಸಭೆಯಲ್ಲಿ, ಎಲ್ಲರೆದುರು ಮಾಡಿದರು, ಅದನ್ನು ಕಲ್ಲಿಗೆ ಕೊಟ್ಟರು. ಆದರೂ ಆ ಸಭೆಗಳಲ್ಲಿ ಹೇರು ಹೊತ್ತ ಕೂಲಿಯವನ ದನಿ ಕೇಳಿಸುವುದಿಲ್ಲ, ಹೆಂಗಸರ ದನಿ ಕೇಳಿಸುವುದೇ ಇಲ್ಲ. ಒಳಗಿನವರ ಕಟ್ಟಳೆಯನ್ನು ಹೊಗಳುವಾಗ ಬಟ್ಟೆಯಾಚೆ ನಿಂತವರನ್ನೂ ನೆನೆಯಬೇಕು.

ಈಗ ಒಂಬೈನೂರು ವರ್ಷ ದಾಟಿ ಒಂದು ಜಿಗಿತ. 1990ರಲ್ಲಿ ಅಮೆರಿಕದ ಪಾಲೋ ಆಲ್ಟೋದಲ್ಲಿ, ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿದ್ದ ಪಾವೆಲ್ ಕರ್ಟಿಸ್ ಎಂಬಾತ ಲ್ಯಾಂಬ್ಡಾಮೂ ಎಂಬ ಜಾಗ ತೆರೆದ. ಚಿತ್ರವಿಲ್ಲ, ದನಿಯಿಲ್ಲ, ಬರಿ ಅಕ್ಷರದಿಂದ ಕಟ್ಟಿದ ಮನೆ. ಜಗತ್ತಿನ ಎಲ್ಲಿಂದಲಾದರೂ ಬಂದು ಅದರ ಪಡಸಾಲೆಯಲ್ಲಿ ಕೂತು ಮಾತಾಡಬಹುದು, ಹೊಸ ಕೋಣೆ ಕಟ್ಟಿಕೊಳ್ಳಬಹುದು. ಆ ಪಡಸಾಲೆಯನ್ನು ಕರ್ಟಿಸ್ ತನ್ನ ಸ್ವಂತ ಮನೆಯ ಮಾದರಿಯಲ್ಲೇ ಬರೆದಿದ್ದ. ಜನ ಸಾವಿರಗಟ್ಟಲೆ ಬಂದರು, ಜಗಳವೂ ಬಂತು. 1992ರ ಡಿಸೆಂಬರಿನಲ್ಲಿ ಆತ, ಇನ್ನು ಮುಂದೆ ನಿರ್ವಾಹಕರು ಯಂತ್ರದ ಕೆಲಸವನ್ನಷ್ಟೇ ನೋಡಿಕೊಳ್ಳುತ್ತಾರೆ, ಜನರ ವ್ಯಾಜ್ಯ ಜನರೇ ಬಗೆಹರಿಸಿಕೊಳ್ಳಲಿ ಎಂದು ಸಾರಿದ. ಮೂರು ತಿಂಗಳಲ್ಲಿ, 1993ರ ಮಾರ್ಚಿನಲ್ಲಿ, ಅದೇ ಪಡಸಾಲೆಯಲ್ಲಿ ಒಬ್ಬ ಬೇರೆಯವರ ಹೆಸರಿಗೆ ಅಸಹ್ಯವಾದ ಹಿಂಸೆಯ ಮಾತುಗಳನ್ನು ಅಂಟಿಸಿ ಹಲವರನ್ನು ನೋಯಿಸಿದ. ನೊಂದವರು ದೂರು ಹೇಳಬೇಕೆಂದರೆ ಯಾರಿಗೆ? ಸಭೆ ಸೇರಿತು, ಗಂಟೆಗಟ್ಟಲೆ ಮಾತಾಯಿತು, ನಿರ್ಣಯವಾಗಲಿಲ್ಲ. ಕೊನೆಗೆ ನಿರ್ವಾಹಕನೊಬ್ಬ ತಾನಾಗಿಯೇ ನೋಯಿಸಿದವನ ಹೆಸರನ್ನು ಅಳಿಸಿಹಾಕಿದ. ಆಮೇಲೆ ಕರ್ಟಿಸ್ ಅರ್ಜಿ ಮತ್ತು ಮತದಾನದ ಪದ್ಧತಿ ತಂದ.

ಲ್ಯಾಂಬ್ಡಾಮೂದಲ್ಲಿ ಪಡಸಾಲೆ ಇತ್ತು, ಕಕ್ಷಾಸನ ಇತ್ತು, ಸಮಯ ಇರಲಿಲ್ಲ. ಮೊದಲು ಜಾಗ ಕಟ್ಟಿ, ನೋವಾದ ಮೇಲೆ ಕಟ್ಟಳೆ ಹುಡುಕಿದರು. ಅಕ್ಷರದ ಮನೆ ಹೊಸದು, ಅದರೊಳಗೆ ಬಂದ ಮನುಷ್ಯರು ಹಳಬರೇ ಎಂಬುದು ಅವರಿಗೆ ದುಬಾರಿಯಾಗಿ ತಿಳಿಯಿತು.

ಕನ್ನಡಕ್ಕೆ ಅಂತರಜಾಲದ ಜಗಲಿ ಸಿಕ್ಕಿದ್ದು ಕಷ್ಟಪಟ್ಟ ಮೇಲೆ. ಮೊದಲು ಅಕ್ಷರ ಮೂಡಬೇಕಿತ್ತು. 1996ರಲ್ಲಿ ಯು.ಬಿ. ಪವನಜ ವಿಶ್ವಕನ್ನಡ ಪತ್ರಿಕೆಯನ್ನು ಜಾಲಕ್ಕೆ ತಂದರು. 1998ರಲ್ಲಿ ಶೇಷಾದ್ರಿವಾಸು ಅವರ ಬರಹ ತಂತ್ರಾಂಶ ಬಂತು, ಮನೆಮನೆಯ ಕಂಪ್ಯೂಟರಿನಲ್ಲಿ ಕನ್ನಡ ಟೈಪಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಅಲ್ಲಿ ಲೇಖನ ಬರೆಯುವವರು ಪರಸ್ಪರ ಮಾತಾಡಲು ಒಂದು ಪುಟ ಬೇಕಾಯಿತು. ಇಂಗ್ಲಿಷಿನವರು ಅಂಥ ಪುಟಕ್ಕೆ ಊರಿನ ನೀರಿನ ಪಂಪಿನ ಹೆಸರಿಟ್ಟಿದ್ದರು. ಕನ್ನಡದವರು ಇಟ್ಟ ಹೆಸರು ಅರಳಿಕಟ್ಟೆ.

ಈ ಹೆಸರು ನನಗೆ ತುಂಬ ಪ್ರಿಯ. ಬಾಗಲಕೋಟೆಯ ಸೀಮೆಯಲ್ಲಿ ಕಟ್ಟೆಯಿಲ್ಲದ ಊರನ್ನು ನೆನೆಯುವುದೇ ಕಷ್ಟ. ಮಳೆಯ ಮಾತು, ಜೋಳದ ದರ, ಯಾರದೋ ಮದುವೆ ಎಲ್ಲವೂ ಅಲ್ಲೇ. ಕೂತವರು ಬೇರೆಯಾಗುತ್ತಿದ್ದರೂ ಕಟ್ಟೆ ಇರುತ್ತದೆ. ಆದರೆ ಊರಿನ ಕಟ್ಟೆಯ ಮೇಲೆ ಎಲ್ಲರೂ ಕೂತದ್ದಿಲ್ಲ. ಕೆಲವು ಕೇರಿಯವರು ಅದರ ಮುಂದೆ ಚಪ್ಪಲಿ ಕಳಚಿ ನಡೆದ ಕಾಲ ಬಹಳ ಹಿಂದಿನದಲ್ಲ, ಹೆಂಗಸರು ಇಂದಿಗೂ ಅದರತ್ತ ನೋಡದೆ ಸೆರಗು ಎಳೆದುಕೊಂಡು ಹೋಗುತ್ತಾರೆ. ಜಾಲದ ಅರಳಿಕಟ್ಟೆ ಆ ಹಳೆಯ ಹೆಸರನ್ನು ಇಟ್ಟುಕೊಂಡು ಆ ಹಳೆಯ ಬೇಲಿಯನ್ನು ಬಿಟ್ಟಿತು. ಕನ್ನಡ ಬರೆಯಬಲ್ಲ ಯಾರು ಬೇಕಾದರೂ ಬಂದು ಬರೆಯಬಹುದು. ಹಾಳು ಮಾಡಲು ಬಂದವರನ್ನು ತಡೆಯುವ ಕಟ್ಟಳೆಯಿದೆ, ಆ ಕಟ್ಟಳೆಯ ಚರ್ಚೆಯೂ ಎಲ್ಲರಿಗೂ ಕಾಣುವಂತೆ ನಡೆಯುತ್ತದೆ. ಪ್ರತಿ ಪುಟಕ್ಕೆ ‘ಇತಿಹಾಸ’ ಎಂಬ ಕೊಂಡಿಯಿದೆ. ಯಾರು ಯಾವಾಗ ಏನು ಬದಲಿಸಿದರೆಂಬುದು ಅಲ್ಲಿ ಉಳಿಯುತ್ತದೆ. ನೋಡಿದಾಗೆಲ್ಲ ನನಗೆ ಲಕ್ಷ್ಮೇಶ್ವರದ ಕಲ್ಲು ನೆನಪಾಗುತ್ತದೆ.

ಐನೂರ್ವರ ಹೆಸರು ವಿಜಯನಗರದ ಕಾಲದವರೆಗೂ ಶಾಸನಗಳಲ್ಲಿ ಬರುತ್ತದೆ, ಆಮೇಲೆ ಮಸುಕಾಗುತ್ತದೆ. ಬಾರುಸಿನ ಕಲ್ಲು ಒಡೆದು ಚೂರಾಗಿ ಜಕಾರ್ತದ ವಸ್ತುಸಂಗ್ರಹಾಲಯ ಸೇರಿದೆ. ಐಹೊಳೆಯಲ್ಲಿ ಲಾಡಖಾನ ಗುಡಿಯ ಕಕ್ಷಾಸನ ಮಾತ್ರ ಇದ್ದಲ್ಲೇ ಇದೆ, ಮಧ್ಯಾಹ್ನದ ಬಿಸಿಲಿಗೂ ತಣ್ಣಗಿರುತ್ತದೆ. ಪ್ರವಾಸಿಗರು ಅಲ್ಲಿ ಕೂತು ನೀರು ಕುಡಿಯುತ್ತಾರೆ. ಅದೇ ಹೊತ್ತಿಗೆ ಎಲ್ಲೋ ಒಬ್ಬರು ಇನ್ನೊಂದು ಕಟ್ಟೆಗೆ ಬಂದು ತಮ್ಮ ಪ್ರಶ್ನೆ ಬರೆದು, ಕೊನೆಯಲ್ಲಿ ಸಹಿಯ ಗುರುತು ಒತ್ತುತ್ತಾರೆ. ಹೆಸರು, ದಿನಾಂಕ, ವೇಳೆ ತಾವಾಗಿಯೇ ಮೂಡುತ್ತವೆ. ಅದರ ಕೆಳಗೆ, ಅವರ ಮುಖವನ್ನು ಎಂದೂ ಕಾಣದ ಇನ್ನೊಬ್ಬರು ಉತ್ತರ ಬರೆಯಲು ತೊಡಗುತ್ತಾರೆ.